ಹನ್ನೆರಡು ಫೂಟಿನ ಗುಂಡಿ

ಇದು ಯಾರೋ ಹೇಳಿ ಕೇಳಿದ್ದಲ್ಲ. ಅಳತೆಯ ಟೇಪು ಹಿಡಿದಿದ್ದವಳು ನಾನು, ಸೀಳಿದ ಅಂಗೈಯೂ ನನ್ನದೇ.

ನಾನು ಶಹಾಬಾದಿನವಳು. ಹಳೆಯ ಉತ್ಖನನಗಳ ದಾಖಲೆಗಳನ್ನು ಮತ್ತೆ ನೋಡಿ ತಿದ್ದುವುದು ನನ್ನ ಕೆಲಸ. ಚಿತ್ತಾಪುರ ತಾಲೂಕಿನಲ್ಲಿ, ಭೀಮಾ ದಂಡೆಯ ಒಂದು ದಿಬ್ಬದಲ್ಲಿ ಹಿಂದೆ ರೋಮ್‌ನಿಂದ ಬಂದ ಗಡಿಗೆಯ ಚೂರುಗಳು ಸಿಕ್ಕಿದ್ದವು. ಅವು ಸಿಕ್ಕ ಗುಂಡಿಯ ಆಳ ಅಗೆಸಿದವರ ನೋಟ್‌ಬುಕ್ಕಿನಲ್ಲಿ ಹನ್ನೆರಡು ಫೂಟು, ನಕ್ಷೆಯಲ್ಲಿ ಎಂಟು. ಯಾವುದು ಸರಿಯೆಂದು ಅಳೆಯಲು ಕಳೆದ ಚಳಿಗಾಲದಲ್ಲಿ ಅಲ್ಲಿಗೆ ಹೋದೆ.

ಗುಂಡಿ ತೋರಿಸಲು ಬಂದವನು ಮಲ್ಲಪ್ಪ, ಹರೆಯದಲ್ಲಿ ಅಲ್ಲೇ ಅಗೆದವನು. ದಾರಿಯುದ್ದಕ್ಕೂ ನನ್ನ ಮುಖ ನೋಡಲಿಲ್ಲ. ಜಾಲಿ ಮುಳ್ಳು ಸರಿಸಿ ಗುಂಡಿ ಹುಡುಕುವಷ್ಟರಲ್ಲಿ ಕತ್ತಲಾಯಿತು.

“ಹನ್ನೆರಡೇ ಇತ್ತು,” ಎಂದ. “ಗುಂಡಿ ಗ್ವಾಡಿ ಕುಸಿದು ನಾಕು ಫೂಟ್ ಮುಚ್ಚಿತು. ನಮ್ಮಣ್ಣ ಭೀಮಶಾ ಒಳಗಿದ್ದ. ಯಾರೂ ಹೊರಗ ತಗೀಲಿಲ್ಲ.”

“ನೋಟ್‌ಬುಕ್ಕಿನಾಗ ಮಳಿ ಬಂದು ಕೆಲಸ ನಿಂತಿತು ಅಂತ ಅದ…”

“ನಿಮ್ಮ ಬುಕ್ಕಿನಾಗ ರೋಮಿನ ಗಡಿಗಿ ಅದ. ನಮ್ಮಣ್ಣ ಇಲ್ಲ. ಅಳತಿ ಮಾಡ್ಕೊಂಡು ನಡೀರಿ ಇಲ್ಲಿಂದ.”

ನಾನು ಟಾರ್ಚ್ ಹಚ್ಚಿ ಪಕ್ಕಕ್ಕಿಟ್ಟು, ಮಂಡಿಯೂರಿ ಟೇಪು ಇಳಿಸಿದೆ. ಎಂಟು ಫೂಟಿಗೆ ತಳ ತಾಗಿತು.

ಆಮೇಲೆ… ಟೇಪು ತಾನಾಗಿಯೇ ಇಳಿಯತೊಡಗಿತು.

ಒಂಬತ್ತು. ಹತ್ತು. ಉಕ್ಕಿನ ಪಟ್ಟಿ ಬೆರಳ ನಡುವೆ ಸರ್ರನೆ ಜಾರುತ್ತಿತ್ತು. ಕೆಳಗಿನಿಂದ ಹಸಿ ಮಣ್ಣಿನ ವಾಸನೆ ಎದ್ದಿತು, ಅದರೊಳಗೆ ಬೀಡಿಯ ಹೊಗೆ… ಮಲ್ಲಪ್ಪ ಬೀಡಿ ಹಚ್ಚಿರಲಿಲ್ಲ.

ಹನ್ನೆರಡಕ್ಕೆ ನಿಂತಿತು. ಮೇಲಕ್ಕೆ ಎಳೆದೆ. ಕೆಳಗಿನಿಂದಲೂ ಯಾರೋ ಜಗ್ಗಿದರು. ಪಟ್ಟಿ ಅಂಗೈ ಕೊಯ್ದಿತು. ಬಿಡೋಣವೆಂದರೆ ಟೇಪಿನ ದಾರ ಮಣಿಕಟ್ಟಿಗೆ ಸುತ್ತಿತ್ತು. ಮಂಡಿ ಅಂಚಿನತ್ತ ಜಾರುತ್ತಿತ್ತು.

ಮಲ್ಲಪ್ಪ ಗುಂಡಿಯ ಮೇಲೆ ಬಗ್ಗಿ ಮೆಲ್ಲಗೆ ಅಂದ, “ಬಿಡಣ್ಣಾ. ಈಕಿ ಬರೀತಾಳ.”

ಟೇಪು ತಟ್ಟನೆ ಸಡಿಲಾಯಿತು.

“ಬರೀತೀರಲ್ಲ?” ಎಂದು ನನ್ನ ಕಡೆ ತಿರುಗಿದ.

“ಬರೀತೀನಿ,” ಎಂದೆ.

ಬರೆದೆ ಕೂಡ. ಆಳ ಹನ್ನೆರಡು ಫೂಟು, ಗೋಡೆ ಕುಸಿದು ಭೀಮಶಾ ಒಳಗೇ ಉಳಿದ ಎಂದು. ಮೇಲಧಿಕಾರಿಗಳು ಆಳ ಒಪ್ಪಿದರು. ಹೆಸರಿಗೆ ಪುರಾವೆ ಇಲ್ಲವೆಂದು ಅದರ ಮೇಲೆ ಕೆಂಪು ಗೆರೆ ಎಳೆದು ಕಳಿಸಿದರು.

ಪಕ್ಕದ ಗುಂಡಿ ಅಳೆಯಲು ಮತ್ತೆ ಅಲ್ಲಿಗೆ ಹೋಗುವುದು ಇನ್ನೂ ಬಾಕಿಯಿದೆ. ನಿನ್ನೆ ಮಲ್ಲಪ್ಪ ಫೋನ್ ಮಾಡಿದ್ದ.

“ಅಣ್ಣನ ಹೆಸರು ಬಂತೇನ್ರಿ ಬುಕ್ಕಿನಾಗ?”

“ಹ್ಞೂಂ… ಬಂತು.”

ಅವನು ಅಂದ, “ನನಗ ಹೇಳಿದ್ರ ಏನ್ ಬಂತ್ರಿ. ಗುಂಡಿ ಹತ್ತರ ಬಂದು ಅಣ್ಣಗ ಹೇಳ್ರಿ.”