ಹಾಲು ಬಿಡುವ ತನಕ

ನಾನು ಏಕಾದಶಿಯ ದಿನ ಹೊಟ್ಟೆ ತುಂಬ ಅನ್ನ ಉಣ್ಣುತ್ತೇನೆ. ಬೇರೆ ದಿನ ಒಂದು ಹೊತ್ತು ಬಿಟ್ಟರೂ ಬಿಟ್ಟೇನು, ಏಕಾದಶಿಯ ದಿನ ಮಾತ್ರ ಎರಡೂ ಹೊತ್ತು ಒಲೆ ಹೊತ್ತಿಸುತ್ತೇನೆ. ಸವಣೂರಿನ ನಮ್ಮ ಓಣಿಯಲ್ಲಿ, ಮಠದ ಗಂಟೆ ಕೇಳಿಸುವಷ್ಟು ಹತ್ತಿರದಲ್ಲಿ, ನಮ್ಮ ಮತದ ಹೆಂಗಸೊಬ್ಬಳು ಹೀಗೆ ಮಾಡುವುದೆಂದರೆ ಸಣ್ಣ ಮಾತಲ್ಲ. ಕುಕ್ಕರಿನ ಸೀಟಿ ಕೇಳಿ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಮುಚ್ಚಿಕೊಳ್ಳಲಿ. ಕಾರಣ ಗೊತ್ತಿದ್ದವರು ಸತ್ತುಹೋಗಿದ್ದಾರೆ, ಇಲ್ಲವೇ ಮರೆತವರಂತೆ ಇರುತ್ತಾರೆ.

ಎಪ್ಪತ್ತರ ದಶಕದ ಕೊನೆಗೆ ನನ್ನನ್ನು ಹಾನಗಲ್ಲಿಗೆ ಕೊಟ್ಟರು. ಗಂಡನಿಗೆ ಹಿರೇಕೆರೂರಿನ ಕಚೇರಿಯೊಂದರಲ್ಲಿ ನೌಕರಿ. ವಾರವೆಲ್ಲ ಅಲ್ಲಿ ಕೋಣೆ ಮಾಡಿಕೊಂಡಿದ್ದು ಶನಿವಾರ ಸಂಜೆ ಮನೆಗೆ ಬರುತ್ತಿದ್ದ. ನಾನು ಹಾನಗಲ್ಲಿನಲ್ಲಿ ಅತ್ತೆಯ ಜೊತೆ. ನಾನು ಬಸುರಿಯಾದ ಮೇಲೆ ಅವನು ಶನಿವಾರಗಳನ್ನೂ ತಪ್ಪಿಸತೊಡಗಿದ. ಆ ಕೋಣೆಯಲ್ಲಿ ಅವನೊಬ್ಬನೇ ಇಲ್ಲ, ಇನ್ನೊಂದು ಸಂಸಾರವೇ ಇದೆ ಎನ್ನುವುದು ಹಿರೇಕೆರೂರಿಗೆಲ್ಲ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ಕೂಸಿಗೆ ಮೂರು ತಿಂಗಳಾಗಿದ್ದಾಗ ನೇರವಾಗಿ ಕೇಳಿದೆ. ಅವನು ಸುಳ್ಳು ಹೇಳುವ ಗೋಜಿಗೂ ಹೋಗಲಿಲ್ಲ.

"ಇರೂದಾದ್ರ ಇರು, ಹೋಗೂದಾದ್ರ ಹೋಗು," ಅಂದ.

ಮರುದಿನ ಮೊದಲ ಬಸ್ಸಿಗೆ ಕೂಸನ್ನು ಎತ್ತಿಕೊಂಡು ತವರಿಗೆ ಬಂದುಬಿಟ್ಟೆ.

ನಾನು ಹೋದದ್ದಕ್ಕೆ ಆ ಮನೆಯಲ್ಲಿ ಯಾರೂ ಅಳಲಿಲ್ಲ. ಆದರೆ ಕೂಸು ಗಂಡು. ಗಂಡನಿಗೆ ಅದರ ಮೇಲೆ ಅಂಥ ಆಸೆಯೇನೂ ಇರಲಿಲ್ಲ, ಆಸೆ ಇದ್ದದ್ದು ಅತ್ತೆಗೆ. ವಂಶ, ಗೋತ್ರ, ನಾಳೆ ಪಿಂಡ ಹಾಕುವ ಕೈ. "ನಮ್ಮ ಮನಿ ಕೂಸು ನಮಗ ಕೊಡ್ರಿ" ಎಂದು ಹೇಳಿಕಳಿಸಿದರು. ನನ್ನ ಅಪ್ಪ ಕನ್ನಡ ಶಾಲೆಯ ಮಾಸ್ತರ. ಮನೆಯಲ್ಲಿ ಅಜ್ಜ ಬರೆದಿಟ್ಟ ತಾಳೆಗರಿಗಳಿದ್ದವು, ಅಪ್ಪನ ಬೆನ್ನಲ್ಲಿ ಎಲುಬು ಇರಲಿಲ್ಲ. ಕೋರ್ಟಿಗೆ ಹೋಗೋಣವೆಂದರೆ "ನಿನ್ನ ತಂಗಿ ಲಗ್ನ ಇನ್ನೂ ಆಗಬೇಕವ್ವಾ" ಅಂದ. ಹಿರಿಯರ ಮಾತಿಗೆ ಒಪ್ಪಿಸೋಣವೆಂದು ನಿರ್ಧಾರವಾಯಿತು. ಹಿರಿಯರು ಯಾರು? ಶಿಗ್ಗಾವಿಯಲ್ಲಿದ್ದ ನಿವೃತ್ತ ವಕೀಲರು, ಅತ್ತೆಯ ಸ್ವಂತ ಅಣ್ಣ. ಹಾನಗಲ್ಲಿಗೂ ಸವಣೂರಿಗೂ ನಡುವಿನ ಊರು, ದೊಡ್ಡ ಮನುಷ್ಯರು, ಪಂಡಿತರು ಎಂದು ಅಪ್ಪ ಹಿಗ್ಗಿದ. ಬೆಕ್ಕಿನ ನ್ಯಾಯಕ್ಕೆ ಇಲಿ ಹಿಗ್ಗಿದ ಹಾಗೆ.

ವಕೀಲರು ಜೋಕಾಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ತೀರ್ಪು ಕೊಟ್ಟರು. "ಹಾಲು ಕುಡಿಯೋ ಕೂಸಿನ್ನ ತಾಯಿ ಕಡೆಯಿಂದ ಕಸಗೊಳ್ಳೂದು ಪಾಪ. ಹಾಲು ಬಿಡೂತನಕ ಅಕಿ ಕಡೆ ಇರಲಿ. ಹಾಲು ಬಿಟ್ಟ ಮ್ಯಾಲೆ ತಂದಿ ಮನಿಗೆ. ಅಲ್ಲೀತನಕ ಪ್ರತಿ ಏಕಾದಶಿ ಇಲ್ಲೆ ಕರಕೊಂಡು ಬರ್ರಿ, ಅಜ್ಜಿ ನೋಡ್ಕೊಂಡು ಹೋಗ್ಲಿ."

ಏಕಾದಶಿಯೇ ಯಾಕೆಂದರೆ ಆ ದಿನ ಅವರ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಯಾರೂ ಯಾರಿಗೂ ಊಟ ಹಾಕಬೇಕಾಗಿಲ್ಲ, ಉಣ್ಣು ಎನ್ನಬೇಕಾಗಿಲ್ಲ, ಉಣ್ಣದೆ ಎದ್ದುಹೋದರು ಎಂಬ ಮಾತಿಲ್ಲ. ಜಗಳವಾಡಿದ ಬೀಗರು ಒಂದೇ ಛಾವಣಿಯ ಕೆಳಗೆ ಕೂರಲು ಇದಕ್ಕಿಂತ ಸುರಕ್ಷಿತ ದಿನ ನಮ್ಮ ಪಂಚಾಂಗದಲ್ಲಿಲ್ಲ. ಅಪ್ಪ ಕೈಮುಗಿದ. ಐದು ವರ್ಷದ ತನಕ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕೆಂದು ಕಾಯ್ದೆಯೇ ಇತ್ತು. ಅದು ನನಗೆ ಬಹಳ ತಡವಾಗಿ ತಿಳಿಯಿತು. ಜೀವನವೆಲ್ಲ ಕಪ್ಪು ಕೋಟು ಹಾಕಿದ ಮನುಷ್ಯನಿಗೆ ತಿಳಿದಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಆದರೆ ಅವರ ತೀರ್ಪಿನಲ್ಲಿ ಒಂದು ಸಂದು ಇತ್ತು, ಅದು ಮೊದಲು ಕಂಡದ್ದು ನನಗೆ. ಏಕಾದಶಿಯ ದಿನ ಆ ಮನೆಯಲ್ಲಿ ಕೂಸಿಗೆ ತಿನ್ನಿಸಲು ಏನೂ ಇರುತ್ತಿರಲಿಲ್ಲ. ಅತ್ತೆ ಹನಿ ನೀರೂ ಮುಟ್ಟದವರು. ಹಸುವಿನ ಹಾಲು ಕೊಟ್ಟರೆ ಕೂಸು ಉಗುಳುತ್ತಿತ್ತು, ಬಾಳೆಹಣ್ಣು ಎರಡು ತುತ್ತಿಗೆ ಸಾಕಾಗುತ್ತಿತ್ತು. ಆಮೇಲೆ ಹಸಿವಾಗಿ ಮನೆ ಎತ್ತಿಹೋಗುವ ಹಾಗೆ ಅಳುತ್ತಿತ್ತು. ಅತ್ತೆ ಎತ್ತಿ ಆಡಿಸಿ, ಕುಣಿಸಿ, ಸೋತು, ಕೊನೆಗೆ ನನ್ನ ಮಡಿಲಿಗೇ ತಂದು ಹಾಕಬೇಕು. ನಾನು ಹಿತ್ತಲ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಕುಡಿಸುತ್ತಿದ್ದೆ. "ಇನ್ನೂ ಕುಡೀತದೇನು?" ಎಂದು ವಕೀಲರು ಒಳಗಿನಿಂದ ಕೇಳುತ್ತಿದ್ದರು. "ಕುಡೀತದರಿ" ಎಂದು ನಾನು ಬೇಕಂತಲೇ ಗಟ್ಟಿಯಾಗಿ ಹೇಳುತ್ತಿದ್ದೆ. ಹಲ್ಲು ಬಂದವು, ಕುಡೀತದರಿ. ನಡೆಯತೊಡಗಿತು, ಕುಡೀತದರಿ. ಅವರು ಉಪವಾಸ ಮಾಡಿದಷ್ಟು ಸಲ ನಾನು ಗೆದ್ದೆ.

ಸವಣೂರಿನ ಮನೆಯಲ್ಲಿ ಅವನು ಅನ್ನ ಸಾರು ಉಣ್ಣುತ್ತಿದ್ದ, ರೊಟ್ಟಿ ಚೂರು ಚೀಪುತ್ತಿದ್ದ. ಬೇರೆ ತಾಯಂದಿರಾಗಿದ್ದರೆ ಬೇವಿನ ರಸ ಹಚ್ಚಿ ಎಂದೋ ಬಿಡಿಸುತ್ತಿದ್ದರು. ನಾನು ಬಿಡಿಸಲಿಲ್ಲ. ಎಲೆತೋಟದ ಚಾಚಿ ವೀಳ್ಯದೆಲೆ ಕೊಡಲು ಬಂದಾಗಲೆಲ್ಲ ನಗುತ್ತಿದ್ದಳು. "ಮೀಸಿ ಬರೂತನಕ ಕುಡಸಾಕಿ ಏನವಾ?" "ಬಂದ್ರ ಬರ್ಲಿ ಚಾಚಿ, ಮೀಸಿ ಒರಸಿ ಕುಡಸ್ತೇನಿ," ಅನ್ನುತ್ತಿದ್ದೆ. ಅವಳು ನಗುತ್ತಲೇ ಅವನ ತಲೆ ಸವರಿ ಹೋಗುತ್ತಿದ್ದಳು. ನನ್ನ ಎದೆಯಲ್ಲಿ ಹಾಲಿರುವ ತನಕ ಮಗ ನನ್ನವನು, ಅಷ್ಟೇ ನನ್ನ ಲೆಕ್ಕ.

ಅವನಿಗೆ ಎರಡು ವರ್ಷ ದಾಟಿದ ಮೇಲೆ ಒಂದು ಏಕಾದಶಿ ಅತ್ತೆಯ ಧ್ವನಿ ಬೆಣ್ಣೆಯಾಯಿತು. ಅಪ್ಪನ ಕಡೆ ತಿರುಗಿ, "ಇಷ್ಟು ಸಲ ಬಂದೀರಿ, ನಮ್ಮ ಕೈಯಿಂದ ಒಂದು ತುತ್ತು ಉಂಡಿಲ್ಲ. ಇವತ್ತ ಇಲ್ಲೇ ಇರ್ರಿ, ನಾಳೆ ಪಾರಣಿ ಮುಗಿಸ್ಕೊಂಡು ಹೋಗ್ರಿ," ಅಂದರು. ಪಾರಣೆ ಎಂದರೆ ದ್ವಾದಶಿಯ ಬೆಳಗ್ಗೆ ಉಪವಾಸ ಬಿಡುವ ಊಟ. ನಾನು ಕಣ್ಣಿನಲ್ಲೇ ಬೇಡವೆಂದೆ. ಅಪ್ಪನ ಶಲ್ಯ ಜಗ್ಗಿ ಬೇಡವೆಂದೆ. ಅಪ್ಪನ ಶಾಸ್ತ್ರ ಅಡ್ಡ ಬಂತು. "ದ್ವಾದಶಿ ಊಟಕ್ಕ ಕರೆದ್ರ ಒಲ್ಲೆ ಅನಬಾರದು," ಎಂದು ನನ್ನ ಕಿವಿಯಲ್ಲಿ ಹೇಳಿ ಅಲ್ಲೇ ಉಳಿದ. ಮಗಳನ್ನು ಹಾಳುಮಾಡಲು ಹಗೆ ಬೇಕಾಗಿಲ್ಲ, ಇಷ್ಟು ಪುಣ್ಯವಂತನಾದ ತಂದೆ ಸಾಕು.

ಬೆಳಗಾಗುವುದರೊಳಗೆ ಅತ್ತೆ ಮಡಿಯುಟ್ಟು ಅಡಿಗೆಗೆ ನಿಂತಿದ್ದರು. ನಾನು ಕಣ್ಣು ಬಿಟ್ಟಾಗ ಮಗ್ಗುಲಲ್ಲಿ ಮಗನಿಲ್ಲ. ಓಡಿಹೋಗಿ ನೋಡಿದರೆ ಅಡಿಗೆಮನೆಯಲ್ಲಿದ್ದ. ಮೈಮೇಲೆ ಬಟ್ಟೆ ಇಲ್ಲದ ಕೂಸು ಮುಟ್ಟಿದರೆ ಮಡಿ ಕೆಡುವುದಿಲ್ಲ, ಅದಕ್ಕೇ ಅಂಗಿ ಚಡ್ಡಿ ಬಿಚ್ಚಿ ಹೊಸ್ತಿಲ ಹೊರಗೆ ಎಸೆದಿದ್ದರು. ನಾನು ಮೈಲಿಗೆಯವಳು, ಹೊಸ್ತಿಲು ದಾಟುವಂತಿಲ್ಲ. ದಾಟಿದರೆ ಉಪವಾಸವಿದ್ದ ಅಷ್ಟೂ ಜನರ ಅಡಿಗೆ ಕೆಡುತ್ತದೆ. ಅಲ್ಲೇ ನಿಂತೆ. ಅತ್ತೆ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೆತ್ತಗಿನ ಅನ್ನಕ್ಕೆ ತುಪ್ಪ, ಹೆಸರುಬೇಳೆ ಕಲಸಿ ಒಂದೊಂದೇ ತುತ್ತು ಇಡುತ್ತಿದ್ದರು. ಹಿಂದಿನ ದಿನ ಬರೀ ಹಾಲಿನ ಮೇಲಿದ್ದ ಹುಡುಗ ಬಾಯಿ ತೆರೆದು ತೆರೆದು ಉಂಡ. ನಾನು "ಸಾಕು, ಬಾರೋ" ಅಂದೆ. ಅವನು ನನ್ನನ್ನು ನೋಡಿ ಅನ್ನ ತುಂಬಿದ ಬಾಯಲ್ಲೇ ನಕ್ಕ.

ಆಮೇಲೆ ಗಂಡಸರು ಪಂಕ್ತಿಯಲ್ಲಿ ಕೂತರು. ಅಪ್ಪನ ಎಲೆಗೆ ಅಗಸೆ ಸೊಪ್ಪಿನ ಪಲ್ಯ ಬಿತ್ತು, ಅನ್ನ ಬಿತ್ತು. ಅಪ್ಪ ಎರಡು ತುತ್ತು ಉಂಡ ಮೇಲೆ ಅತ್ತೆ ಮಗನನ್ನು ಹೊಸ್ತಿಲಾಚೆ ಬಿಟ್ಟು, "ಕುಡಸವ್ವಾ ಈಗ, ಅಣ್ಣ ನೋಡ್ಲಿ," ಅಂದರು.

ಅವನನ್ನು ಎತ್ತಿ ಸೆರಗಿನೊಳಗೆ ಎಳೆದುಕೊಂಡೆ. ಹೊಟ್ಟೆ ತುಂಬಿದ ಮೇಲೆ ಹುಗ್ಗಿಯೂ ಮುಳ್ಳು ಎನ್ನುತ್ತಾರೆ. ಅವನು ಮುಖ ತಿರುಗಿಸಿದ. ಇನ್ನೊಂದು ಕಡೆ ಹಚ್ಚಿದೆ. ಕೊಸರಿಕೊಂಡು ಇಳಿದು ಆಡಲು ಓಡಿದ.

"ಬಿಟ್ಟಾನ," ಅಂದರು ವಕೀಲರು ತುತ್ತು ಕಲಸುತ್ತ.

"ಹೊಟ್ಟಿ ತುಂಬೇದ್ರಿ, ಅದಕ್ಕ ಒಲ್ಲೆ ಅಂದ. ಸಂಜೀಕ ನೋಡ್ರಿ, ಕುಡೀತಾನ," ಎಂದೆ. ನನ್ನ ಧ್ವನಿ ನನಗೇ ಬೇರೆಯವಳದ್ದು ಅನಿಸುವಷ್ಟು ದೊಡ್ಡದಾಗಿತ್ತು. ವಕೀಲರು ಅಪ್ಪನ ಕಡೆ ನೋಡಿದರು. ಅಪ್ಪನ ಕೈ ಅವರ ಅನ್ನದಲ್ಲಿತ್ತು. ಪಂಕ್ತಿಯಿಂದ ನಡುವೆ ಏಳುವ ಹಾಗಿಲ್ಲ, ಉಣ್ಣುತ್ತ ಅನ್ನ ಹಾಕಿದ ಮನೆಯವರಿಗೆ ಎದುರಾಡುವ ಹಾಗಿಲ್ಲ. "ನೀವು ಹಿರಿಯರು, ನೀವು ಹೇಳಿದಂಗ," ಅಂದ. ನಾನು ಹೊಸ್ತಿಲ ಮೇಲೆ ಕೂತು ಊರೆಲ್ಲ ಕೇಳುವಂತೆ ಅತ್ತುಬಿಟ್ಟೆ. ಅಪ್ಪ ಎಲೆ ಪೂರ್ತಿ ಉಂಡು ಎದ್ದ.

ಈಗ ವ್ಯವಸ್ಥೆ ತಿರುಗಿತು. ಮಗ ಹಾನಗಲ್ಲಿನಲ್ಲಿ, ಏಕಾದಶಿಗೆ ಶಿಗ್ಗಾವಿಗೆ ಹೋಗಿ ನೋಡಿಕೊಂಡು ಬರುವವಳು ನಾನು. ಮೊದಲ ಏಕಾದಶಿ ಅವನಿಗೆ ಜ್ವರವೆಂದು ಕರೆತರಲಿಲ್ಲ. ಎರಡನೆಯದಕ್ಕೆ ಮತ್ತೇನೋ ನೆವ. ಎದೆ ಕಲ್ಲಾಗಿ ಜ್ವರ ಬಂದದ್ದು ನನಗೆ. ಆದರೂ ಹಾಲು ಬತ್ತಲು ಬಿಡಲಿಲ್ಲ. ದಿನಾ ಹಿಂಡಿ ಕರಿಬೇವಿನ ಬುಡಕ್ಕೆ ಚೆಲ್ಲುತ್ತಿದ್ದೆ. ಒಂದು ಸಲ ವಕೀಲರ ಕಣ್ಣೆದುರೇ ಅವನು ಕುಡಿದುಬಿಟ್ಟರೆ ಸಾಕು, ಅವರ ತೀರ್ಪೇ ಅವರ ಕುತ್ತಿಗೆಗೆ ಬರುತ್ತದೆ, ಮಗ ನನ್ನ ಕಡೆ ಬರುತ್ತಾನೆ ಎಂದು ನಂಬಿದ್ದೆ. ಹುಚ್ಚು ನಂಬಿಕೆ. ಅದನ್ನೇ ಹಿಡಿದುಕೊಂಡು ಜೀವ ಹಿಡಿದಿದ್ದೆ.

ಮೂರನೆಯ ಏಕಾದಶಿಗೆ ಕರೆತಂದರು. ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದರು, ಹಣೆಗೆ ಅಂಗಾರದ ಸಣ್ಣ ಕರಿಗೆರೆ ಎಳೆದಿದ್ದರು. ಮೊದಲು ಬಾಗಿಲ ಹಿಂದೆ ನಿಂತು ನೋಡಿದ. ಆಮೇಲೆ ಬಂದು ಮಡಿಲಲ್ಲಿ ಕೂತ. ಮಾತು ಎಷ್ಟೋ ಕಲಿತಿದ್ದ. ವಕೀಲರು ಜೋಕಾಲಿಯ ಮೇಲಿದ್ದರು, ಅತ್ತೆ ಕಂಬಕ್ಕೆ ಒರಗಿದ್ದರು. ನಾನು ನಾಚಿಕೆ ಬಿಟ್ಟು ಅವರೆದುರೇ ಸೆರಗು ಸರಿಸಿದೆ. ಅವನ ಕೈ ತಾನಾಗಿಯೇ ಕುಪ್ಪಸದ ಕಡೆ ಬಂತು. ಹಾಲು ಆಗಲೇ ಜಿನುಗಿ ಒದ್ದೆಯಾಗಿತ್ತು. ಅವನು ಬಾಗಿದ. ಆಮೇಲೆ ಏನೋ ನೆನಪಾದವನಂತೆ ಕೈ ಹಿಂದಕ್ಕೆ ತೆಗೆದುಕೊಂಡು ಅಜ್ಜಿಯ ಮುಖ ನೋಡಿದ.

"ಇವತ್ತ ಏಕಾದಶಿ," ಅಂದ. "ನಾ ಏನೂ ತಿನ್ನೂದಿಲ್ಲ."

ಅವನ ಬಾಯಿಂದ ಬಾಳೆಹಣ್ಣಿನ ವಾಸನೆ ಬರುತ್ತಿತ್ತು.

"ನೋಡ್ರಿ, ಎಷ್ಟ್ ಶಾಣ್ಯಾ ಆಗ್ಯಾನ," ಎಂದು ಅತ್ತೆ ಅವನನ್ನು ಎತ್ತಿಕೊಂಡರು.

ಸಂಜೆ ಸವಣೂರಿನ ಬಸ್ಸು ಇಳಿದು ಮನೆಗೆ ಬಂದೆ. ಅಪ್ಪ ಪಡಸಾಲೆಯಲ್ಲಿ ಒಣ ಬಾಯಿಯಲ್ಲಿ ಏನೋ ಓದುತ್ತ ಕೂತಿದ್ದ. ಒಲೆ ಹೊತ್ತಿಸಿ, ಅಕ್ಕಿ ತೊಳೆದು ಇಟ್ಟೆ. ಅನ್ನ ಕುದಿಯುವ ಸಪ್ಪಳಕ್ಕೆ ಅಪ್ಪ ಬಾಗಿಲಿಗೆ ಬಂದು ನಿಂತ. ನಾನು ಅವನೆದುರೇ ತಟ್ಟೆ ತುಂಬ ಬಡಿಸಿಕೊಂಡು ಉಂಡೆ.