ಟೀ ಬಣ್ಣದ ತೋಳು

ಸಿದ್ದಗಂಗಮ್ಮ ಟೀಚರಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಹೊಲಿಗೆ ನೆನಪಿರುತ್ತಿತ್ತು. ತರೀಕೆರೆಯ ಸಂತೆಯಲ್ಲಿ ಯಾರಾದರೂ ನಮಸ್ಕಾರ ಎಂದರೆ ಮೊದಲು ಅವರ ಭುಜ ನೋಡುವರು, ಆಮೇಲೆ ರವಿಕೆಯ ಕಂಕುಳು ನೋಡುವರು, ಕಡೆಗೆ ನಗುವರು. "ಓ, ನೀವಾ! ಎಡಭುಜ ಒಂದ್ ಬೆರಳು ಇಳಿದಿರೋರು ಈ ಊರಲ್ಲಿ ನೀವೊಬ್ರೇ ಕಣ್ರೀ." ಕೇಳಿದವರಿಗೆ ಕಸಿವಿಸಿಯಾಗುತ್ತಿತ್ತು. ಟೀಚರಿಗೆ ಅದು ತಿಳಿಯುತ್ತಲೂ ಇರಲಿಲ್ಲ.

ಊರಿನ ಒಂದು ಖಾಸಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ಹೊಲಿಗೆ ಕಲಿಸುತ್ತಿದ್ದರು. ನಾನು ಇಂಗ್ಲಿಷ್ ಟೀಚರಾಗಿ ಅಲ್ಲಿಗೆ ಸೇರಿದಾಗ ಅವರಿಗೆ ನಲವತ್ತೈದು ದಾಟಿತ್ತು. ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡವರು. ತಾವು ಉಡುತ್ತಿದ್ದುದು ಅಂಚು ಸಹ ಇಲ್ಲದ ಬೂದುಬಣ್ಣದ ಸೀರೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಲಿಂಗ. ಆದರೆ ಯಾವ ಹುಡುಗಿಯ ಲಂಗದ ನೆರಿಗೆಯನ್ನಾದರೂ ಬೆರಳಲ್ಲಿ ಸವರುವಾಗ ಅವರ ಮುಖಕ್ಕೆ ಬರುತ್ತಿದ್ದ ಕಳೆಯೇ ಬೇರೆ.

ಎಂಬತ್ತರ ದಶಕದ ನಡುವಿನಲ್ಲಿ ನನ್ನ ಗಂಡ ಒಂದು ಬ್ಲ್ಯಾಕ್ ಅಂಡ್ ವೈಟ್ ಟೀವಿ ತಂದರು. ಹೆಂಚಿನ ಮೇಲೆ ಉದ್ದನೆಯ ಕಂಬ, ತುದಿಯಲ್ಲಿ ಆಂಟೆನಾ. ಭಾನುವಾರ ಮಧ್ಯಾಹ್ನ ಪರದೇಶದ ಆಟೋಟಗಳನ್ನು ತೋರಿಸುತ್ತಿದ್ದರು. ಒಂದು ಭಾನುವಾರ ಟೀಚರು ಯಾವುದೋ ಅಳತೆ ಪುಸ್ತಕ ಕೇಳಲು ಬಂದಿದ್ದಾಗ ಪರದೆಯ ಮೇಲೆ ಹುಡುಗಿಯೊಬ್ಬಳು ಮಂಜುಗಡ್ಡೆಯ ಮೇಲೆ ಜಾರುತ್ತ ಬುಗುರಿಯಂತೆ ತಿರುಗುತ್ತಿದ್ದಳು. ಅವರು ಬಾಗಿಲಲ್ಲೇ ನಿಂತುಬಿಟ್ಟರು.

"ಅದ್ಯಾವ ನೆಲ ಅದು?"

"ಐಸು ಟೀಚರ್. ಕಾಲಿಗೆ ಅಲಗು ಕಟ್ಕೊಂಡು ಕುಣೀತಾರೆ."

"ಕಾಲು ಬಿಡಿ. ಆ ಲಂಗ ಅಷ್ಟ್ ಜೋರಾಗಿ ಸುತ್ತಿದ್ರೂ ಮೇಲಕ್ಕೇಳಲ್ವಲ್ಲ! ಅಂಚಿಗೆ ಏನ್ ಇಟ್ಟಿರಬೌದು?"

ಅವತ್ತಿನಿಂದ ಪ್ರತಿ ಭಾನುವಾರ ಬಂದರು. ಇನ್ನೂರು ಪುಟದ ನೋಟ್‌ಬುಕ್ಕು, ಚೂಪಾಗಿ ಹೆರೆದ ಪೆನ್ಸಿಲ್ಲು ಹಿಡಿದು ಗೋಡೆಗೊರಗಿ ನೆಲದ ಮೇಲೆ ಕೂರುವರು. ಕುಣಿಯುವವರ ಹೆಸರು ಅವರ ನಾಲಿಗೆಗೆ ಹತ್ತುತ್ತಿರಲಿಲ್ಲ. ಬಟ್ಟೆಯಿಂದಲೇ ಒಂದೊಂದು ಕುಣಿತಕ್ಕೂ ಹೆಸರಿಟ್ಟಿದ್ದರು. ಒಂಟಿತೋಳಿನೋನು. ಶಾಲು ಬಿಡೋ ಮುದುಕಿ. ಹರಕು ಲಂಗದೋಳು. ಒಂದೊಂದಕ್ಕೂ ಒಂದು ಪುಟ, ಮುಂಭಾಗ ಹಿಂಭಾಗ ಎರಡರ ಚಿತ್ರ, ಪಕ್ಕದಲ್ಲಿ ಟಿಪ್ಪಣಿ. ಬಣ್ಣವನ್ನೂ ಬರೆಯುತ್ತಿದ್ದರು! "ಇದೆಲ್ಲಾ ಬೂದುಬಣ್ಣ ಕಾಣ್ತದಲ್ಲ ಟೀಚರ್" ಎಂದರೆ, "ಕೆಂಪು ಕಪ್ಪಾಗ್ ಕಾಣೋದಕ್ಕೂ ಹಸಿರು ಕಪ್ಪಾಗ್ ಕಾಣೋದಕ್ಕೂ ವ್ಯತ್ಯಾಸ ಐತೆ ಕಣ್ರೀ, ನೀವು ನೋಡ್ತಿಲ್ಲ ಅಷ್ಟೆ" ಎನ್ನುವರು.

ಒಮ್ಮೆ ವೃತ್ತಿಪರರ ಪ್ರದರ್ಶನ ತೋರಿಸಿದರು. ಹಿಂದೆ ಪದಕ ಗೆದ್ದು, ಈಗ ಪಂದ್ಯ ಬಿಟ್ಟು, ಟಿಕೆಟ್ಟಿಗೆ ಕುಣಿಯುವವರು ಎಂದು ನಾನು ಬಿಡಿಸಿ ಹೇಳಿದೆ. "ಅಂದ್ರೆ ನಾಟಕದ ಕಂಪನಿಯೋರಂಗೆ ಅನ್ನಿ" ಎಂದರು ಸಂತೋಷದಿಂದ. ಅಷ್ಟರಲ್ಲಿ ಬಿಳಿಯ ಉದ್ದ ಲಂಗದ ಹೆಂಗಸೊಬ್ಬಳು ಬಂದಳು. ಹೊಸಬಳು ಎಂದುಕೊಂಡೆ. ಟೀಚರು ಮುಂದಕ್ಕೆ ಬಾಗಿ ನೋಡಿ, "ಇದು ಹೋದ್ ವರ್ಷ ನೋಡಿದ್ ಆಟಾನೇ. ಹರಕು ಲಂಗದೋಳು. ಲಂಗ ಬದಲಾಯ್ಸಿದಾರೆ, ರವಿಕೆ ಅದೇ. ಬೆನ್ನ್ ಮೇಲೆ ಮಣಿ ಓರೆ ಹೋಗಿರೋದು ನೋಡಿ" ಎಂದರು. ನಾನು ನಕ್ಕೆ. ಒಂದು ನಿಮಿಷ ಬಿಟ್ಟು ಇಂಗ್ಲಿಷಿನ ವೀಕ್ಷಕ ವಿವರಣೆಗಾರ ಅದನ್ನೇ ಹೇಳಿದ: ಹಳೆಯ ಕುಣಿತ, ಹೊಸ ಉಡುಪು. ನೋಟ್‌ಬುಕ್ಕಿನಲ್ಲಿ ಹೋದ ವರ್ಷದ ಪುಟ ತೆರೆದು ನೋಡಿದರೆ ಬೆನ್ನಿನ ಮಣಿಸಾಲು ಓರೆಯಾಗಿಯೇ ಬರೆದಿತ್ತು.

ಅವರಿಗೆ ಒಂದೇ ಒಂದು ಬೇಸರವಿತ್ತು. ಕೆಲವು ಹೆಂಗಸರ ಭುಜ, ಬೆನ್ನು ಬರಿದಾಗಿರುತ್ತಿದ್ದವು. ಆಗ ತಲೆ ತಗ್ಗಿಸಿ, ಮುಗಿದ ಮೇಲೆ ಹೇಳಿ ಎನ್ನುವರು. ಒಂದು ಭಾನುವಾರ ಹಾಗೆ ತಗ್ಗಿಸಿದವರು ಓರೆಗಣ್ಣಲ್ಲಿ ನೋಡಿದರೋ ಏನೋ, ಕೂಗಿಕೊಂಡು ಎದ್ದೇ ಬಿಟ್ಟರು.

"ಅದು ಮೈಯಲ್ಲ ಕಣ್ರೀ! ಬಟ್ಟೆ! ಮೊಣಕೈ ಹತ್ರ ಸುಕ್ಕು ನೋಡಿ. ಕುತ್ತಿಗೆಯಿಂದ ಮುಂಗೈ ತಂಕ ಪೂರ್ತಿ ಬಟ್ಟೆ. ಚರ್ಮದ ಬಣ್ಣದ್ದು. ಅಯ್ಯೋ ಶಿವನೇ, ಪಾಪ, ಎಷ್ಟ್ ದಿನ ಆ ಮಕ್ಕಳನ್ನ ಅನುಮಾನಿಸ್ಬಿಟ್ಟೆ ನಾನು!"

ಅವರ ಕಣ್ಣಲ್ಲಿ ನೀರಿತ್ತು. ಅಷ್ಟು ಸಂತೋಷವನ್ನು ಅವರ ಮುಖದಲ್ಲಿ ನಾನು ಮತ್ತೆ ಕಾಣಲಿಲ್ಲ.

ಆ ವರ್ಷದ ಶಾಲಾ ವಾರ್ಷಿಕೋತ್ಸವಕ್ಕೆ ಒಂಬತ್ತನೇ ಕ್ಲಾಸಿನ ಕುಸುಮ ಬೆಳ್ಳಕ್ಕಿಯ ಕುಣಿತ ಮಾಡುವುದೆಂದಾಯಿತು. ಕುಸುಮ ಅಜ್ಜಂಪುರದ ಎಣ್ಣೆಕಾಳಿನ ವ್ಯಾಪಾರಿಯೊಬ್ಬರ ಮಗಳು, ತರೀಕೆರೆಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಮಾತು ಕಡಿಮೆ, ಆದರೆ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎನ್ನುವಂತೆ ಕುಣಿಯುವಳು. ಉಡುಪಿನ ಹೊಣೆ ಸಿದ್ದಗಂಗಮ್ಮನವರದು.

ಅವರು ಬನಿಯನ್ ಬಟ್ಟೆ ತಂದು ನಮ್ಮ ಮನೆಯ ಹಿತ್ತಲಲ್ಲೇ ಟೀ ಪುಡಿ ಕುದಿಸಿ ಅದ್ದಿದರು. ಒಣಗಿಸಿ ಕುಸುಮಳ ತೋಳಿನ ಪಕ್ಕ ಹಿಡಿದು ನೋಡುವರು, ಬಣ್ಣ ಸಾಲದೆಂದು ಮತ್ತೆ ಅದ್ದುವರು. ನಾಲ್ಕನೆಯ ಸಲಕ್ಕೆ ಬಟ್ಟೆ ಯಾವುದು, ತೋಳು ಯಾವುದು ಗೊತ್ತಾಗದಂತಾಯಿತು. ಎದೆಯಿಂದ ಕೆಳಗೆ ಬಿಳಿ ಬಟ್ಟೆಯ ಗರಿ, ಮೇಲೆ ಈ ಟೀ ಬಣ್ಣದ ಬಟ್ಟೆ, ಕುತ್ತಿಗೆಯಿಂದ ಮಣಿಕಟ್ಟಿನ ತನಕ. ನಾನು ಕೈಯಾರೆ ಮುಟ್ಟಿ ನೋಡಿದೆ. ದಪ್ಪವಾಗಿಯೇ ಇತ್ತು. ನಾವು ದಿನಾ ತೊಡುತ್ತಿದ್ದ ರವಿಕೆಗಿಂತ ಹೆಚ್ಚು ಮೈ ಮುಚ್ಚುವ ಉಡುಪು.

"ಗರಿ ಗಾಳೀಲಿ ತೇಲ್ಬೇಕು ಕಣ್ರೀ, ಯಾವ್ದಕ್ಕೂ ಹೊಲಿದಿಲ್ಲ ಅನ್ನೋ ಹಂಗೆ" ಎಂದರು ಟೀಚರು.

ವಾರ್ಷಿಕೋತ್ಸವದ ಸಂಜೆ ಪರದೆ ಸರಿಯಿತು. ಕುಸುಮ ಮೂರು ಸುತ್ತು ತಿರುಗಿದಳು. ನಾನು ಬದಿಯಲ್ಲಿ ನಿಂತು ನೋಡುತ್ತಿದ್ದೆ, ನಿಜಕ್ಕೂ ಗರಿಗಳು ತೇಲಿದವು. ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹೊಡೆದರು. ಇನ್ನೊಬ್ಬ "ಏನ್ಲೇ ಇದು, ಬರೀ ಮೈ!" ಎಂದ. ಸಭೆಯೆಲ್ಲ ಗುಜುಗುಜು. ಆಡಳಿತ ಸಮಿತಿಯ ಅಧ್ಯಕ್ಷರು ಕುರ್ಚಿ ಬಿಟ್ಟೆದ್ದರು. ಕುಸುಮಳ ತಂದೆ ವೇದಿಕೆ ಹತ್ತಿ ಹೆಗಲ ಮೇಲಿನ ಶಾಲನ್ನು ಮಗಳಿಗೆ ಸುತ್ತಿ ರೆಟ್ಟೆ ಹಿಡಿದೆಳೆದರು. ಹಾಡು ಇನ್ನೂ ಕೇಳಿಬರುತ್ತಲೇ ಇತ್ತು.

ಸಿದ್ದಗಂಗಮ್ಮ ಟೀಚರು ಪರದೆಯ ಹಿಂದಿನಿಂದ ಓಡಿಬಂದರು. ಅಷ್ಟು ಜನರ ಮುಂದೆ ಅವರು ಯಾವತ್ತೂ ನಿಂತವರಲ್ಲ.

"ಬಟ್ಟೆ ಐತೆ ಸ್ವಾಮಿ! ಮೈಯೆಲ್ಲಾ ಮುಚ್ಚೈತೆ! ಬೇಕಾದ್ರೆ ಮುಟ್ಟಿ ನೋಡಿ!"

ಒಬ್ಬ ನಕ್ಕ. ಅವನ ಹಿಂದೆ ಇಡೀ ಸಭೆ ನಕ್ಕಿತು. ಮುಟ್ಟಿ ನೋಡಿ ಎಂಬ ಆ ಎರಡೇ ಮಾತು ಮಾರನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ, ಹೋಟೆಲಿನಲ್ಲಿ ಓಡಾಡಿತು. ಕುಸುಮ ನಡೆದು ಹೋದ ಕಡೆಯೆಲ್ಲ ಹುಡುಗರು ಅದನ್ನು ಕೂಗಿದರು. ಮೂರನೆಯ ದಿನ ತಂದೆ ಅವಳನ್ನು ಅಜ್ಜಂಪುರಕ್ಕೆ ಕರೆದೊಯ್ದರು.

ಸೋಮವಾರ ಸಮಿತಿ ಸೇರಿತು. ಟೀಚರುಗಳನ್ನೆಲ್ಲ ಒಂದು ಬದಿಗೆ ಕೂರಿಸಿದ್ದರು. ಮೇಜಿನ ಮೇಲೆ ಸಿದ್ದಗಂಗಮ್ಮನವರ ನೋಟ್‌ಬುಕ್ ಇತ್ತು. ಅಧ್ಯಕ್ಷರು ಅದರ ಪುಟಗಳನ್ನು ಬೆರಳ ತುದಿಯಲ್ಲಿ ಮಗುಚಿದರು.

"ಏನಮ್ಮಾ ಇದು, ಇಂಥಾವೆಲ್ಲ ಎಲ್ಲಿ ನೋಡಿ ಕಲಿತೆ?"

ನೋಡಿದ್ದು ನಮ್ಮ ಮನೆಯ ಟೀವಿಯಲ್ಲಿ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಟೀಚರು ನನ್ನ ಕಡೆ ಒಂದು ಸಲ ನೋಡಿದರು.

"ಎಲ್ಲೂ ಇಲ್ಲ ಸ್ವಾಮಿ. ನನ್ನ ತಲೇಗೇ ಬಂತು."

"ಬಟ್ಟೆ ಇತ್ತು ಅಂತೀಯಲ್ಲ, ಯಾರಾದ್ರೂ ನೋಡಿದಾರಾ? ಏನ್ರಮ್ಮಾ, ನಿಮ್ಮಲ್ಲಿ ಯಾರಿಗಾದ್ರೂ ಮೊದ್ಲೇ ಗೊತ್ತಿತ್ತಾ?"

ಉಡುಪನ್ನು ಆ ರಾತ್ರಿಯೇ ಕುಸುಮಳ ತಂದೆ ಸುಟ್ಟಿದ್ದರು. ಹೊಲಿದವರನ್ನು ಬಿಟ್ಟರೆ ಅದನ್ನು ಮುಟ್ಟಿ ನೋಡಿದವಳು ಆ ಕೋಣೆಯಲ್ಲಿ ನಾನೊಬ್ಬಳೇ. ಗೋಡೆಯ ಮೇಲಿದ್ದ ನಕ್ಷೆಯನ್ನು ನೋಡುತ್ತ ಕೂತೆ. ಅಧ್ಯಕ್ಷರು ಇನ್ನೊಂದು ಸಲ ಕೇಳಿದರು. ಆಗಲೂ ಬಾಯಿ ಬಿಡಲಿಲ್ಲ.

ಸಿದ್ದಗಂಗಮ್ಮನವರನ್ನು ಕೆಲಸದಿಂದ ತೆಗೆದರು. ನೋಟ್‌ಬುಕ್ ವಾಪಸು ಕೊಡಲಿಲ್ಲ. ಊರು ಬಿಡುವ ಮುಂಚೆ ಅವರು ಅಜ್ಜಂಪುರಕ್ಕೆ ಹೋಗಿ ಕುಸುಮಳ ತಂದೆಯ ಎಣ್ಣೆಕಾಳಿನ ಮಂಡಿಯ ಮುಂದೆ ಬೆಳಗಿನಿಂದ ಮಧ್ಯಾಹ್ನದ ತನಕ ನಿಂತಿದ್ದರಂತೆ. ತಂದೆ ಒಳಗೆ ಬಾ ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಆ ಬೇಸಿಗೆಯಲ್ಲೇ ಕುಸುಮಳ ಮದುವೆಯಾಯಿತು, ಬುಕ್ಕಾಂಬುಧಿಯ ಆಚೆ ಒಂದು ಹಳ್ಳಿಗೆ. ಅವಳಿಗೆ ಹದಿನೈದು ತುಂಬಿತ್ತು. ನನ್ನ ಕೆಲಸ ಜೂನ್ ತಿಂಗಳಲ್ಲಿ ಕಾಯಂ ಆಯಿತು.

ಮೂರು ವರ್ಷದ ಮೇಲೆ ಕೆಲಸವೊಂದಕ್ಕೆ ಕಡೂರಿಗೆ ಹೋಗಿದ್ದವಳು ಚೌಳಹಿರಿಯೂರಿನ ಬಸ್ಸು ನಿಂತಿದ್ದು ಕಂಡು ಹತ್ತಿಬಿಟ್ಟೆ. ಅಲ್ಲಿ ಟೀಚರು ತಂಗಿಯ ಮನೆಯ ಜಗುಲಿಯಲ್ಲಿ ಮಿಷನ್ ಇಟ್ಟುಕೊಂಡಿದ್ದಾರೆಂದು ಕೇಳಿದ್ದೆ. ಇದ್ದರು. ತುಂಬ ಇಳಿದುಹೋಗಿದ್ದರು. ಸುತ್ತಲೂ ಹಾಸಿಗೆಯ ಗವಸು, ದಿಂಬಿನ ಚೀಲ.

"ರವಿಕೆ ಹೊಲಿಯಲ್ವಾ ಟೀಚರ್?"

"ಮೈಮೇಲೆ ಹಾಕ್ಕಳದು ಏನೂ ಹೊಲಿಯಲ್ಲ ಈಗ. ಕುಸುಮನ್ ಸುದ್ದಿ ಏನಾದ್ರೂ ಗೊತ್ತೇನ್ರೀ?"

ನನಗೆ ಗೊತ್ತಿತ್ತು. ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಗಂಡ ಜಗಳವಾದಾಗಲೆಲ್ಲ ಅದೇ ಎರಡು ಮಾತು ಹೇಳಿ ಹೊಡೆಯುತ್ತಿದ್ದ.

"ಚೆನ್ನಾಗಿದಾಳಂತೆ" ಎಂದೆ.

"ಸುಳ್ಳ್ ಹೇಳ್ಬೇಡಿ. ಅವ್ಳ ಅತ್ತಿಗೆ ತೌರು ಇದೇ ಊರು. ನಂಗೆಲ್ಲಾ ಗೊತ್ತು." ಮಿಷನ್ ನಿಲ್ಲಿಸದೆಯೇ ಹೇಳಿದರು. "ದಿನಾ ಬೆಳಗ್ಗೆ ಎದ್ದ್ ತಕ್ಷಣ ಅವ್ಳು ಗೆಪ್ತಿಗೆ ಬತ್ತಾಳೆ. ಚೆನ್ನಾಗಿ ಹೊಲೀದೇ ಇದ್ದಿದ್ರೆ ಆ ಮಗು ಓದ್ಕೊಂಡಿರೋದು."

ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಚದುರಿಹೋದವು. ಹೇಗೋ ಒಂದನ್ನು ಹೊರಹಾಕಿದೆ.

"ಟೀಚರ್, ಅವತ್ತು ಸಮಿತಿ ಮುಂದೆ ನಾನು ಹೇಳ್ಬೇಕಾಗಿತ್ತು."

ಅವರು ಪೆಡಲಿನಿಂದ ಕಾಲು ತೆಗೆದರು. ಸಮಾಧಾನದ ಮಾತು ಹೇಳುತ್ತಾರೆಂದು ಕಾದೆ. ಹೋಗ್ಲಿ ಬಿಡಿ ಎನ್ನುತ್ತಾರೆ, ನಿಮ್ಮ ಕಷ್ಟ ನಿಮಗಿತ್ತು ಎನ್ನುತ್ತಾರೆ ಎಂದುಕೊಂಡೆ. ಅವರು ನನ್ನ ಮುಖವನ್ನೇ ನೋಡಿದರು.

"ಹೂಂ. ಹೇಳ್ಬೇಕಾಗಿತ್ತು" ಎಂದರು.

ಆಮೇಲೆ ಇನ್ನೊಂದು ದಿಂಬಿನ ಚೀಲ ಎತ್ತಿಕೊಂಡು ಸೂಜಿಯ ಕೆಳಗೆ ಜೋಡಿಸಿದರು.