ಅಂಚು ಬಿಡದ ಅರ್ಜಿ

ಆ ಗುಮಾಸ್ತನ ಮುಖವನ್ನು ನಾನು ನೋಡಿಲ್ಲ. ಅವನು ಸತ್ತು ನೂರು ವರ್ಷದ ಮೇಲೆ ಎಷ್ಟೋ ಆಗಿದೆ. ಆದರೆ ಅವನ ಕೈಬರಹ ನನಗೆ ನನ್ನ ಗಂಡನ ಕೈಬರಹಕ್ಕಿಂತ ಚೆನ್ನಾಗಿ ಗೊತ್ತು. ಎರಡು ವರ್ಷ, ದಿನಕ್ಕೆ ಏಳು ತಾಸು, ಅದನ್ನೇ ಓದಿದ್ದೇನೆ. ಓದಿದಷ್ಟು ಹೊತ್ತೂ ಅವನನ್ನು ಮನಸ್ಸಿನಲ್ಲೇ ಬೈದಿದ್ದೇನೆ.

ಮೆಲ್ಬರ್ನ್‌ನಲ್ಲಿ ನನ್ನ ಕೆಲಸ ಇದೇ. ಇಲ್ಲಿಯ ಬ್ರಿಟಿಷರ ಕಾಲದ ಸರಕಾರಿ ಪತ್ರಗಳನ್ನೆಲ್ಲ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿದ್ದಾರೆ. ಯಾರು ಯಾರಿಗೆ ಬರೆದರು, ಏನು ಕೇಳಿದರು, ಏನು ಹುಕುಂ ಆಯಿತು ಎಂದು ಓದಿ ಪಟ್ಟಿ ಮಾಡುವವಳು ನಾನು. ನನ್ನ ಸುತ್ತ ಕೂತವರೆಲ್ಲ ಇತಿಹಾಸದಲ್ಲಿ ದೊಡ್ಡ ಡಿಗ್ರಿ ಮಾಡಿದ ಹುಡುಗ ಹುಡುಗಿಯರು. ನಾನು ಧಾರವಾಡದ ತಾಲೂಕು ಕಚೇರಿಯಲ್ಲಿ ಹನ್ನೊಂದು ವರ್ಷ, ಬಂದ ಹೋದ ಕಾಗದಗಳ ಆವಕ-ಜಾವಕ ಪುಸ್ತಕ ಬರೆದವಳು. ಅವರು ಒಂದು ಪತ್ರದ ಬುಡ ಹುಡುಕುವಷ್ಟರಲ್ಲಿ ನಾನು ಹತ್ತು ಮುಗಿಸುತ್ತಿದ್ದೆ. ಕಡತ ರಾಜಧಾನಿ ಹಾದು ಧಾರವಾಡಕ್ಕೆ ಬರಲಿ, ಸಿಡ್ನಿ ಹಾದು ಮೆಲ್ಬರ್ನ್‌ಗೆ ಬರಲಿ, ಅದು ನಡೆಯುವ ರೀತಿ ಒಂದೇ. ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಅಲ್ಲೊಂದಿಷ್ಟು ದಿನ ಮಲಗುತ್ತದೆ, ಮೈಮೇಲೊಂದು ಷರಾ ಬರೆಸಿಕೊಂಡು ಹಿಂದಿರುಗುತ್ತದೆ.

ಸುಮಾರು ನೂರೆಂಬತ್ತು ವರ್ಷದ ಹಿಂದಿನ ಮಾತು, ಆಗ ಮೆಲ್ಬರ್ನ್ ಬೇರೆ ವಸಾಹತು ಆಗಿರಲಿಲ್ಲ. ಎಲ್ಲಕ್ಕೂ ಸಿಡ್ನಿಯ ಅಪ್ಪಣೆ ಬೇಕು. ಪತ್ರ ಹಡಗಿನಲ್ಲಿ ಹೋಗಬೇಕು. ಗಾಳಿ ಸಿಕ್ಕರೆ ವಾರ, ಇಲ್ಲದಿದ್ದರೆ ಎಷ್ಟೋ. ಒಬ್ಬ ಸರಕಾರಿ ವೈದ್ಯ ಎರಡು ಬಕೆಟ್ ಬೇಕು ಎಂದು ಬರೆದಿದ್ದ. ಹಿಂದೆ ಕೊಟ್ಟ ಬಕೆಟ್ ಏನಾಯಿತು ಎಂದು ಸಿಡ್ನಿಯಿಂದ ಪ್ರಶ್ನೆ ಬಂತು. ಅದರ ತಳ ಒಡೆದಿದೆ ಎಂದು ಅವನು ಬರೆದ. ಒಡೆದ ಬಕೆಟ್ಟನ್ನು ಪರಿಶೀಲಿಸಿದವರು ಯಾರು ಎಂದು ಮತ್ತೊಂದು ಪ್ರಶ್ನೆ. ಪ್ರತಿ ಪತ್ರದ ಕೊನೆಗೂ ‘ತಮ್ಮ ಅತ್ಯಂತ ವಿಧೇಯ ಹಾಗೂ ವಿನಮ್ರ ಸೇವಕ’ ಎಂಬ ಸಹಿ. ಸಾವಿರಾರು ವರ್ಷದಿಂದ ಅಲ್ಲೇ ಬದುಕಿದ್ದವರ ನೆಲವನ್ನು ಒಂದು ಮಾತು ಕೇಳದೆ ತೆಗೆದುಕೊಂಡ ಈ ಮಹಾನುಭಾವರು ಬಕೆಟ್ಟಿಗೆ ಮಾತ್ರ ಅನುಮತಿ ಕೇಳುತ್ತಿದ್ದರು. ನನಗೆ ನಗು ಬರುತ್ತಿತ್ತು, ನಕ್ಕ ಮೇಲೆ ಹೇಸಿಗೆಯಾಗುತ್ತಿತ್ತು.

ಈ ಎಲ್ಲ ಪತ್ರಗಳ ಮೇಲೂ ಷರಾ ಬರೆಯುತ್ತಿದ್ದವನು ನನ್ನ ಗುಮಾಸ್ತ, ಮೆಲ್ಬರ್ನ್ ಕಚೇರಿಯ ಹಿರಿಯ ಕಾರಕೂನ. ದುಂಡಗಿನ ಅಕ್ಷರ, ಉದ್ದ ಬಾಲ. ಅಕ್ಷರ ಇಷ್ಟು ಚಂದ ಇರುವವನ ಬುದ್ಧಿ ಇಷ್ಟು ಮೊಂಡಾಗಿರಲು ಹೇಗೆ ಸಾಧ್ಯ ಎಂದು ನಾನು ಅಂದುಕೊಳ್ಳುತ್ತಿದ್ದೆ.

ಒಂದು ದಿನ ಅವನ ಮೇಜಿಗೆ ಬಂದಿದ್ದ ಒಬ್ಬ ವಿಧವೆಯ ಅರ್ಜಿ ನನ್ನ ಪರದೆಗೆ ಬಂತು. ಗಂಡ ಪೊಲೀಸ್ ಪೇದೆ, ಕೆಲಸದ ಮೇಲೆ ನದಿ ದಾಟುವಾಗ ಮುಳುಗಿ ಸತ್ತಿದ್ದ. ಠಾಣೆಯ ಹಿಂದಿನ ಸರಕಾರಿ ಗುಡಿಸಲಲ್ಲಿ ಇವಳು, ಮೂರು ಮಕ್ಕಳು. ಗುಡಿಸಲನ್ನು ಹೊಸ ಪೇದೆಗೆ ಬಿಡಬೇಕು. ಚಳಿಗಾಲ ಮುಗಿಯುವ ತನಕ ಇರಲು ಬಿಡಿ ಎಂದಷ್ಟೇ ಕೇಳಿದ್ದಳು. ಬೇರೆ ಯಾರೋ ಬರೆದುಕೊಟ್ಟ ಅರ್ಜಿ, ಕೆಳಗೆ ಅವಳು ಹಾಕಿದ ಒಂದು ಅಡ್ಡಗೀಟಿನ ಗುರುತು.

ಅದರ ಮೇಲೆ ಆ ಮೊಂಡನ ಷರಾ: ‘ಅರ್ಜಿಯಲ್ಲಿ ನಿಯಮದಂತೆ ಅಂಚು ಬಿಟ್ಟಿಲ್ಲ. ಹೊಸದಾಗಿ ಬರೆದು ತರಲು ಹಿಂತಿರುಗಿಸಿ.’ ಅಧಿಕಾರಿಗಳು ಷರಾ ಬರೆಯಲೆಂದು ಕಾಗದದ ಎಡಗಡೆ ಕಾಲುಭಾಗ ಖಾಲಿ ಬಿಡಬೇಕಂತೆ. ಅವಳು ಹನ್ನೆರಡು ದಿನದ ಮೇಲೆ ಅಂಚು ಬಿಟ್ಟು ಬರೆಸಿ ತಂದಳು. ಈ ಸಲ, ಗುರುತಿಗೆ ಸಾಕ್ಷಿ ಇಲ್ಲ ಎಂದು ಹಿಂತಿರುಗಿಸಿದ. ಮೂರನೇ ಸಲ ತಂದಾಗ, ಗುಡಿಸಲಿನ ಅಳತೆ ಮತ್ತು ನಕ್ಷೆ ಸಮೇತ ಸಿಡ್ನಿಯ ಅಭಿಪ್ರಾಯಕ್ಕೆ ಕಳಿಸಬೇಕು ಎಂದು ಬರೆದ. ಅಷ್ಟರಲ್ಲಿ ಜುಲೈ ಬಂದಿತ್ತು. ಮೆಲ್ಬರ್ನ್‌ನ ಜುಲೈ ಎಂಥದ್ದು ಎಂದು ನನಗೆ ಗೊತ್ತು, ಹೀಟರ್ ಹಾಕಿಕೊಂಡು ಕೂತರೂ ಮೂಳೆ ಕೊರೆಯುತ್ತದೆ.

‘ಹಾಳಾಗಿ ಹೋಗು’ ಎಂದು ಮೇಜು ಗುದ್ದಿದೆ. ನಮ್ಮ ಮ್ಯಾನೇಜರ್ ಕತ್ತೆತ್ತಿ ನೋಡಿ, ನೀರು ಕುಡಿಯುತ್ತೀರಾ ಎಂದು ಕೇಳಿದ. ಆ ಮನುಷ್ಯನಿಗೆ ಗೊತ್ತಿರುವ ಪರಿಹಾರ ಅದೊಂದೇ.

ಮೆಲ್ಬರ್ನ್ ಕಾಗದ ಅಲ್ಲಿಗೆ ನಿಂತಿತ್ತು. ಮುಂದಿನದು ಸಿಡ್ನಿಗೆ ಹೋದ ಕಟ್ಟಿನಲ್ಲಿ ಇರಬೇಕು.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಮೆಲ್ಬರ್ನ್ ಹೊರವಲಯದ ವಿಂಡಮ್ ವೇಲ್‌ನ ನಮ್ಮ ಮನೆಯಲ್ಲಿ ಅವ್ವ ಇದ್ದಾಳೆ. ವಯಸ್ಸಾದ ತಂದೆತಾಯಿಗಳಿಗೆ ಇರುವ ವೀಸಾಕ್ಕೆ ಅರ್ಜಿ ಹಾಕಿ ಆರು ವರ್ಷ. ಅರ್ಜಿ ತೀರ್ಮಾನ ಆಗುವ ತನಕ ಅವಳು ಇಲ್ಲೇ ಇರಬಹುದು. ಸರದಿ ಬಂದಾಗ ಮೊದಲು ಮೆಡಿಕಲ್ ಪರೀಕ್ಷೆ, ಅದರಲ್ಲಿ ಪಾಸಾದರೆ ಇಲ್ಲೇ ಕಾಯಂ ಇರಲು ಪಿಆರ್, ಇಲ್ಲದಿದ್ದರೆ ಗಂಟುಮೂಟೆ ಎಂದು ವೀಸಾ ಏಜೆಂಟ್ ಹೇಳಿದ್ದ. ಧಾರವಾಡದಲ್ಲಿ ಅವಳಿಗೆ ಈಗ ಮನೆಯೂ ಇಲ್ಲ, ನೋಡಿಕೊಳ್ಳುವವರೂ ಇಲ್ಲ.

ದಿನಾ ಮಧ್ಯಾಹ್ನದ ಚಹಾ ಕುಡಿದು ಬಸಿ ಕೆಳಗಿಟ್ಟು ಅವ್ವ ಕೇಳುತ್ತಾಳೆ.

“ಉತ್ರ ಬಂತೇನ?”

“ಇಲ್ಲವ್ವಾ.”

“ಅಂವನ ಕೈ ಸೇದಿ ಹೋಗ್ಲಿ. ಒಂದು ಸಹಿ ಮಾಡಾಕ ಏನ್ ಧಾಡಿ ಆಗೇತಿ?”

ನಾನೂ ಜೊತೆಗೆ ನಾಲ್ಕು ಮಾತು ಸೇರಿಸುತ್ತಿದ್ದೆ. ಬೈಯುವುದರಲ್ಲಿ ನಮ್ಮಿಬ್ಬರಿಗೂ ಒಂದು ಸುಖ ಇತ್ತು. ಬೈದು ಸುಮ್ಮನೆ ಕೂಡುವವಳು ನಾನಲ್ಲ, ಮೂರು ತಿಂಗಳಿಗೊಮ್ಮೆ ವೀಸಾ ಕಚೇರಿಗೆ ಒಂದು ನೆನಪೋಲೆ ಬರೆಯುತ್ತಿದ್ದೆ. ‘ನಿಮ್ಮ ಸಂದೇಶ ತಲುಪಿದೆ, ದಯವಿಟ್ಟು ಮತ್ತೆ ವಿಚಾರಿಸಬೇಡಿ’ ಎಂದು ಅರ್ಧ ನಿಮಿಷದಲ್ಲಿ ಉತ್ತರ ಬರುತ್ತಿತ್ತು. ಅದನ್ನು ಬರೆಯುವುದು ಯಂತ್ರ. ಬಕೆಟ್ಟಿನ ಕಾಲದವರು ಕೊನೇಪಕ್ಷ ಸುಳ್ಳು ವಿನಯವನ್ನಾದರೂ ಕೈಯಾರೆ ಬರೆಯುತ್ತಿದ್ದರು.

ಹೋದ ವರ್ಷದಿಂದ ಅವ್ವನಿಗೆ ಮರೆವು ಹತ್ತಿದೆ. ಹಾಲನ್ನು ಬಟ್ಟೆಯ ಕಪಾಟಿನಲ್ಲಿ ಇಡುತ್ತಾಳೆ. ಮನೆಯೆದುರಿನ ಸ್ಟಾಪಿನಲ್ಲಿ ಧಾರವಾಡದ ಮಾಳಮಡ್ಡಿಗೆ ಹೋಗುವ ಬಸ್ ಎಷ್ಟು ಹೊತ್ತಿಗೆ ಎಂದು ಕೇಳುತ್ತಾಳೆ. ನಮ್ಮ ಸಬರ್ಬಿನ ಡಾಕ್ಟರ್ ಪರೀಕ್ಷೆ ಮಾಡಿ, ಇದು ಇನ್ನು ಹೆಚ್ಚಾಗುತ್ತ ಹೋಗುವ ಕಾಯಿಲೆ, ದಿನವಿಡೀ ಒಬ್ಬರು ಜೊತೆಗಿರಬೇಕಾದೀತು ಎಂದು ಒಂದು ಪತ್ರ ಕೊಟ್ಟಳು. ಪತ್ರ ಓದಿ ಅತ್ತೆ. ಅತ್ತು ಮುಗಿದ ಮೇಲೆ ನನ್ನೊಳಗಿನ ತಾಲೂಕು ಕಚೇರಿ ಎದ್ದು ಕೂತಿತು. ನಮ್ಮಲ್ಲಿ ಎಂಥ ಮಲಗಿದ ಕಡತವನ್ನಾದರೂ ಒಂದು ಡಾಕ್ಟರ್ ಸರ್ಟಿಫಿಕೇಟು ಎಬ್ಬಿಸುತ್ತಿತ್ತು. ಕಾಯಿಲೆ ಎಂದು ಕಂಡರೆ ಸಾಹೇಬರ ಪೆನ್ನು ತಾನಾಗಿ ಸಹಿ ಮಾಡುತ್ತಿತ್ತು. ಮತ್ತೊಂದು ನೆನಪೋಲೆ ಬರೆದು, ಡಾಕ್ಟರ ಪತ್ರ ಲಗತ್ತಿಸಿ, ಮಾನವೀಯತೆಯ ಮೇಲೆ ಬೇಗ ತೀರ್ಮಾನ ಮಾಡಬೇಕು ಎಂದು ಕೇಳಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಅವ್ವನ ಸಹಿ ಒಂದು ಬಾಕಿ ಇತ್ತು. ಅಷ್ಟರಲ್ಲಿ ಕೆಲಸದ ಮೇಲೆ ಎರಡು ವಾರ ಸಿಡ್ನಿಗೆ ಹೋಗಬೇಕಾಗಿ ಬಂತು. ಬಂದ ಮೇಲೆ ಕಳಿಸಿದರಾಯಿತು ಎಂದು ಕಂಪ್ಯೂಟರಿನಲ್ಲೇ ಇಟ್ಟೆ.

ಸಿಡ್ನಿಯಲ್ಲಿ ಲಿವರ್‌ಪೂಲ್ ಎಂಬ ಬಡಾವಣೆಯ ಗೆಳತಿಯ ಮನೆಯಲ್ಲಿ ಇಳಿದಿದ್ದೆ. ದಿನಾ ಬೆಳಿಗ್ಗೆ ರೈಲಿನಲ್ಲಿ ಹೋಗಿ ಹಳೆಯ ಕಾಗದಗಳ ಓದುಕೋಣೆಯಲ್ಲಿ ಕೂಡುವುದು. ಮೂರನೆಯ ದಿನ ವಿಧವೆಯ ಕಟ್ಟು ಸಿಕ್ಕಿತು. ಕಟ್ಟಿಗೆ ಸುತ್ತಿದ ನಾಡಾ ಬಿಚ್ಚುವಾಗಲೇ ಬೈಗುಳ ಸಿದ್ಧಮಾಡಿಕೊಂಡಿದ್ದೆ.

ಮೇಲಿದ್ದದ್ದು ಗುಡಿಸಲಿನ ನಕ್ಷೆ. ಗುಮಾಸ್ತ ತಾನೇ ಬಿಡಿಸಿದ್ದ. ಬಾಗಿಲು, ಒಂದು ಕಿಟಕಿ, ಒಲೆ ಎಲ್ಲಿದೆ ಎಂಬುದು ಸಹ. ಅದರ ಕೆಳಗೆ ಮೆಲ್ಬರ್ನ್‌ನ ಪೊಲೀಸ್ ಮುಖ್ಯಸ್ಥ ನೇರವಾಗಿ ಸಿಡ್ನಿಗೆ ಬರೆದ ದೂರು. ಅದರಲ್ಲಿದ್ದದ್ದು ಇಷ್ಟು: ‘ಹೆಂಗಸನ್ನು ಹೊರಗೆ ಹಾಕಿ ಗುಡಿಸಲು ಬಿಡಿಸಿಕೊಡಿ ಎಂದು ನಾಲ್ಕು ಸಲ ಕೇಳಿದೆ. ವಿಷಯ ಪತ್ರವ್ಯವಹಾರದಲ್ಲಿದೆ, ಅರ್ಜಿ ಕ್ರಮಬದ್ಧವಾಗಿ ಇತ್ಯರ್ಥವಾಗುವ ತನಕ ಗುಡಿಸಲನ್ನು ಮುಟ್ಟುವಂತಿಲ್ಲ ಎಂದು ಈ ಗುಮಾಸ್ತ ನಾಲ್ಕು ಸಲವೂ ಕಾಗದ ತೋರಿಸಿದ್ದಾನೆ. ಹೆಂಗಸು ಇನ್ನೂ ಅಲ್ಲೇ ಇದ್ದಾಳೆ.’

ಇನ್ನೂ ಅಲ್ಲೇ ಇದ್ದಾಳೆ. ಆ ಸಾಲನ್ನು ಮೂರು ಸಲ ಓದಿದೆ.

ನಕ್ಷೆಯಲ್ಲಿ ಗುಡಿಸಲಿನ ಎತ್ತರ ಬರೆದಿರಲಿಲ್ಲ. ಎತ್ತರ ಎಷ್ಟು ಎಂದು ಸಿಡ್ನಿ ಕೇಳಿತು. ಅದಕ್ಕೊಂದು ಹಡಗು, ಉತ್ತರಕ್ಕೊಂದು ಹಡಗು. ಸೆಪ್ಟೆಂಬರಿನಲ್ಲಿ ಗುಮಾಸ್ತ ಬರೆದ: ‘ಅರ್ಜಿದಾರಳಿಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಸಿಕ್ಕಿದ್ದು, ತಾನಾಗಿಯೇ ಗುಡಿಸಲು ಬಿಟ್ಟಿರುತ್ತಾಳೆ.’ ಅದರ ಪಕ್ಕದಲ್ಲಿ ಸಿಡ್ನಿಯ ಸಾಹೇಬನ ಷರಾ: ‘ಚಳಿಗಾಲ ಮುಗಿದಿರುವುದರಿಂದ ಆದೇಶದ ಅಗತ್ಯವಿಲ್ಲ. ಬದಿಗಿಡಿ.’

ಒಂದು ಚಳಿಗಾಲ ಪೂರ್ತಿ ಅವಳು ಒಲೆಯ ಪಕ್ಕ ಮಲಗಿದ್ದಳು. ಯಾರೂ ಅನುಮತಿ ಕೊಟ್ಟಿರಲಿಲ್ಲ. ಯಾರೂ ಇಲ್ಲ ಎಂದೂ ಅಂದಿರಲಿಲ್ಲ.

ಆಗ ನನಗೆ ಹೊಳೆದದ್ದು ಅಂಚಿನ ವಿಷಯ. ಅದೇ ಕಟ್ಟಿನಲ್ಲಿ ಒಬ್ಬ ಕಟುಕನ ಅರ್ಜಿ ಇತ್ತು, ಅಂಚೇ ಇಲ್ಲ. ಅದೇ ಗುಮಾಸ್ತ ತುಟಿ ಪಿಟಕ್ಕೆನ್ನದೆ ಮುಂದೆ ಕಳಿಸಿದ್ದ. ಎರಡು ವರ್ಷದಲ್ಲಿ ಅವನ ಕೈದಾಟಿದ ಎಷ್ಟೋ ನೂರು ಅರ್ಜಿ ನೋಡಿದ್ದೇನೆ. ಅರ್ಧಕ್ಕರ್ಧ ಅಂಚು ಬಿಡದವು. ಅವಳೊಬ್ಬಳ ಅರ್ಜಿ ಬಿಟ್ಟರೆ ಬೇರೆ ಯಾವುದರಲ್ಲೂ ಅಂಚು ಅವನ ಕಣ್ಣಿಗೆ ಬಿದ್ದಿರಲಿಲ್ಲ.

“ಕಳ್ಳ” ಎಂದು ಇಂಗ್ಲಿಷಿನಲ್ಲೇ ಅಂದುಬಿಟ್ಟೆ. ಪಕ್ಕದಲ್ಲಿ ಕೂತ ಮುದುಕ ತನ್ನ ಪೆನ್ಸಿಲ್ ಹತ್ತಿರಕ್ಕೆ ಎಳೆದುಕೊಂಡ.

ಈ ಉಪಾಯ ನನಗೆ ಹೊಸದಲ್ಲ, ನಾಚಿಕೆಯ ಮಾತು ಅದೇ. ಧಾರವಾಡದಲ್ಲಿ ನನ್ನ ಮೇಲೆ ಒಬ್ಬ ಶಿರಸ್ತೇದಾರರಿದ್ದರು. ನಮ್ಮ ಕಚೇರಿಯ ಜವಾನ ತೀರಿಕೊಂಡಾಗ ಅವನ ಹೆಂಡತಿ ಕ್ವಾರ್ಟರ್ಸ್ ಬಿಡಲು ಸಮಯ ಕೇಳಿ ಅರ್ಜಿ ಕೊಟ್ಟಿದ್ದಳು. ಶಿರಸ್ತೇದಾರರು ಒಮ್ಮೆ ರೇಷನ್ ಕಾರ್ಡಿನ ನಕಲು ಕೇಳಿದರು. ಒಮ್ಮೆ ಅದಕ್ಕೆ ದೃಢೀಕರಣ ಕೇಳಿದರು. ಒಮ್ಮೆ ದೃಢೀಕರಣದ ಠಸ್ಸೆ ಮಸುಕಾಗಿದೆ ಎಂದರು. ಕಡತ ಹೊತ್ತು ತಿರುಗಿದವಳು ನಾನು.

“ಸಾಹೇಬ್ರ, ಆಕಿ ಎಷ್ಟ ಸಲ ಅಡ್ಡಾಡಬೇಕ್ರಿ?” ಎಂದು ಕೇಳಿಯೇ ಬಿಟ್ಟೆ.

“ಅಡ್ಡಾಡ್ಲಿ ತಂಗೀ, ಅವಸರ ಏನೈತಿ” ಎಂದು ಅಡಿಕೆ ಕತ್ತರಿಸುತ್ತ ಕೂತರು.

ಈ ಮನುಷ್ಯನ ಎದೆಯಲ್ಲಿ ಇರುವುದು ಕಲ್ಲು ಎಂದು ನಾನು ಕಚೇರಿ ತುಂಬ ಹೇಳಿಕೊಂಡು ಬಂದೆ. ಅವರು ನಿವೃತ್ತರಾದ ದಿನ ಹೊಟ್ಟೆನೋವೆಂದು ರಜೆ ಹಾಕಿದೆ, ಹಾರ ಹಾಕುವುದು ಬೇಡ ಎಂದು.

ಅವರ ಮೇಜಿನ ಗಾಜಿನ ಕೆಳಗೆ ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿ ಇತ್ತು. ಅವರ ಮಕ್ಕಳಿಗೆಲ್ಲ ಆಗಲೇ ಮದುವೆಯಾಗಿತ್ತು. ಪರೀಕ್ಷೆ ಬರೆಯುತ್ತಿದ್ದವಳು ಜವಾನನ ಮಗಳು. ಪರೀಕ್ಷೆ ಮುಗಿದ ವಾರ ತಾಯಿ-ಮಗಳು ಹುಬ್ಬಳ್ಳಿಗೆ ಹೋದರು, ಕಡತ ಮುಚ್ಚಿತು. ಆ ವೇಳಾಪಟ್ಟಿಯ ಮೇಲೇ ಕಡತ ಇಟ್ಟು ಇಟ್ಟು ತೆಗೆದವಳು ನಾನು, ಒಂದು ಸಲವೂ ಓದಿರಲಿಲ್ಲ. ಕಡತ ಓಡಾಡುತ್ತಿರುವಷ್ಟು ದಿನ ಮನೆಗೆ ಯಾರೂ ಕೈಹಾಕುವಂತಿಲ್ಲ ಎಂಬುದು ಹನ್ನೊಂದು ವರ್ಷ ಕೆಲಸ ಮಾಡಿದ ನನಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ಅದನ್ನು ಯಾರಾದರೂ ಒಳ್ಳೆಯದಕ್ಕೆ ಬಳಸಿಯಾರು ಎಂಬುದು ಮಾತ್ರ ನನ್ನ ತಲೆಗೆ ಹೋಗಿರಲಿಲ್ಲ. ಎಲ್ಲರನ್ನೂ ಕೀಳಾಗಿ ಕಂಡು ಕಂಡು ಕಣ್ಣು ಅಷ್ಟು ಮಂದವಾಗಿತ್ತು.

ಹಾಗಂತ ಆ ಗುಮಾಸ್ತನಿಗೆ ಹಾರ ಹಾಕುವುದಿಲ್ಲ. ಅದೇ ದುಂಡಗಿನ ಅಕ್ಷರದಲ್ಲಿ ಅವನು ಬೇರೆಯವರ ನೆಲವನ್ನು ತುಂಡು ತುಂಡಾಗಿ ಬರೆದುಕೊಟ್ಟ ಕಾಗದಗಳೂ ನನ್ನ ಪಟ್ಟಿಯಲ್ಲಿವೆ. ಅಲ್ಲಿ ಅವನು ಯಾವ ಆಕ್ಷೇಪಣೆಯನ್ನೂ ಎತ್ತಿಲ್ಲ.

ಕಟ್ಟನ್ನು ಮತ್ತೆ ನಾಡಾದಿಂದ ಬಿಗಿಯುವಾಗ ನನ್ನ ಕೈ ನಿಂತಿತು. ನನ್ನ ಕಂಪ್ಯೂಟರಿನಲ್ಲಿ ಕಾಯುತ್ತಿದ್ದ ನೆನಪೋಲೆ ನೆನಪಾಯಿತು. ಅವ್ವನ ಗುಡಿಸಲು ಯಾವುದು? ಇತ್ಯರ್ಥವಾಗದ ಆ ಅರ್ಜಿಯೇ. ಬೇಗ ತೀರ್ಮಾನ ಮಾಡಿ, ಇಗೋ ಇವಳ ಮೆದುಳು ಕರಗುತ್ತಿದೆ ಎಂಬುದಕ್ಕೆ ಪುರಾವೆ ಎಂದು ನಾನೇ ಕೈಯಾರೆ ಬರೆದಿಟ್ಟಿದ್ದೆ. ಸರದಿ ಬಂದರೆ ಮೊದಲು ಮೆಡಿಕಲ್, ಈ ಕಾಯಿಲೆ ಇಟ್ಟುಕೊಂಡು ಅವಳು ಅದರಲ್ಲಿ ಪಾಸಾಗುವುದಿಲ್ಲ, ಆಮೇಲೆ ಗಂಟುಮೂಟೆ. ಅವಳ ಸಹಿ ಅಂದೇ ಹಾಕಿಸಿಕೊಂಡಿದ್ದರೆ ಅದು ಹೋಗಿಯೇ ಬಿಡುತ್ತಿತ್ತು. ಮೊಂಡ ಎಂದು ಎರಡು ವರ್ಷ ಯಾರನ್ನು ಬೈದೆನೋ ಅವನು ಮೊಂಡನಾಗಿರಲಿಲ್ಲ. ಅಲ್ಲೇ ಕೂತು, ಜೊತೆಗೆ ತಂದಿದ್ದ ಕಂಪ್ಯೂಟರ್ ತೆರೆದು ನೆನಪೋಲೆಯನ್ನು ಅಳಿಸಿದೆ.

ಮನೆಗೆ ಬಂದ ದಿನ ಮಧ್ಯಾಹ್ನ ಅವ್ವ ಚಹಾದ ಬಸಿ ಕೆಳಗಿಟ್ಟಳು.

“ಉತ್ರ ಬಂತೇನ?”

“ಇಲ್ಲವ್ವಾ.”

“ಅಂವನ ಕೈ ಸೇದಿ ಹೋಗ್ಲಿ.”

“ಹಂಗ ಅನಬ್ಯಾಡವ್ವಾ.”

ಅವ್ವ ನನ್ನ ಮುಖ ನೋಡಿದಳು. ಆರು ವರ್ಷ ಜೊತೆಗೂಡಿ ಬೈದವಳು ನಾನು.

“ಯಾಕ? ನಿನಗ ಗುರ್ತಿದ್ದಂವ ಏನು?”

ಅಲ್ಲಿ ಇರುವುದು ಯಂತ್ರ, ಅದಕ್ಕೆ ಚಳಿಗಾಲವೂ ಗೊತ್ತಿಲ್ಲ, ಒಲೆಯೂ ಗೊತ್ತಿಲ್ಲ ಎಂದು ಹೇಗೆ ಹೇಳಲಿ?

“ಹೂಂ. ನಮ್ಮ ಧಾರವಾಡ ಕಡಿಯಾಂವನ.”

ಅವ್ವನ ಮುಖ ಸಡಿಲಾಯಿತು. “ಹಂಗಾರ ಸಾವಕಾಶ ಮಾಡ್ಲಿ ತಗೋ” ಎಂದು ಬಸಿಯನ್ನು ಸೆರಗಿನಿಂದ ಒರೆಸಿದಳು.

ಮರುದಿನ ಅವಳಿಗೆ ಅದು ಮರೆತುಹೋಗಿತ್ತು. ಮತ್ತೆ ಕೇಳಿದಳು, ಮತ್ತೆ ಬೈದಳು. ನಾನು ಮತ್ತೆ ಅದೇ ಸುಳ್ಳು ಹೇಳಿದೆ.